ದೊಡ್ಡ ಗ್ರಿಲ್ ಒಂದೋ, ಚಿಕ್ಕವು ಎರಡೋ?

ಪ್ರಶ್ನೆ: ಅಕ್ಕಾ, ನಾವು ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿದ್ದೇವೆ. ಆರು ವರ್ಷದಿಂದ 18 ಇಂಚು ಅಗಲದ ವೆಬರ್ ಕಂಪನಿಯ ಕೆಟಲ್ ಗ್ರಿಲ್ ಇದೆ, ಮುಚ್ಚಳವಿರುವ ದುಂಡನೆಯ ಇದ್ದಿಲು ಒಲೆ. ಮನೆಯಲ್ಲಿ ನಾಲ್ಕು ಜನ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಕನ್ನಡದ ಗೆಳೆಯರೆಲ್ಲ ನಮ್ಮ ಹಿತ್ತಲಲ್ಲಿ ಸೇರುತ್ತೇವೆ, ಹದಿನೈದು ಹದಿನಾರು ಜನ. ಚಿಕನ್ ಮೂರು ಸಲ ಹಾಕಿ ತೆಗೆಯಬೇಕು. ಕೊನೆಯದು ಬೇಯುವ ಹೊತ್ತಿಗೆ ಮೊದಲು ತಿಂದವರು ಐಸ್‌ಕ್ರೀಮಿಗೆ ಕೈ ಹಾಕಿರುತ್ತಾರೆ. ಅರ್ಧ ಜನ ಸಸ್ಯಾಹಾರಿಗಳು. ಅವರಿಗೆ ಫಾಯಿಲ್ ಹಾಸಿ ಜೋಳ, ಪನೀರ್ ಸುಟ್ಟು ಕೊಡುತ್ತೇನೆ. ಆದರೂ ಇಬ್ಬರು ಮುಟ್ಟುವುದಿಲ್ಲ. 26 ಇಂಚಿನದು ತೆಗೆದುಕೊಳ್ಳೋಣ ಅಂತ ನನ್ನ ಆಸೆ. ಗ್ಯಾರೇಜಿನಲ್ಲಿ ಜಾಗ ಎಲ್ಲಿದೆ ಅಂತ ನನ್ನ ಹೆಂಡತಿ. ಏನು ಮಾಡಲಿ?

ಉತ್ತರ: ಹೆಂಡತಿಯ ಮಾತು ಕೇಳಿ. ಅವರು ಕೊಟ್ಟ ಕಾರಣ ಮಾತ್ರ ಸ್ವಲ್ಪ ಪಕ್ಕಕ್ಕಿಡಿ. ಗ್ಯಾರೇಜಿನಲ್ಲಿ ಜಾಗ ಹೇಗೋ ಆಗುತ್ತದೆ. ಮಂಜು ತಳ್ಳುವ ಯಂತ್ರ, ಮಕ್ಕಳ ಸೈಕಲ್, ಊರಿಂದ ತಂದ ಒರಳು ಎಲ್ಲಕ್ಕೂ ಆಗಿದೆಯಲ್ಲ.

ನಿಮ್ಮ ಪತ್ರದಲ್ಲಿ ಇರುವುದು ಎರಡು ತೊಂದರೆ. ಒಂದು, ಚಿಕನ್ ತಡ. ಇನ್ನೊಂದು, ಜೋಳ ಮುಟ್ಟದ ಇಬ್ಬರು ಗೆಳೆಯರು. ಎರಡನ್ನೂ ಒಂದೇ ದೊಡ್ಡ ಗ್ರಿಲ್ಲಿಗೆ ಗಂಟು ಹಾಕಿದ್ದೀರಿ. 26 ಇಂಚಿನದು ತಂದರೆ ಮೊದಲನೆಯದು ಬಗೆಹರಿಯುತ್ತದೆ, ನಿಜ. ಎರಡನೆಯದು ಇದ್ದಲ್ಲೇ ಇರುತ್ತದೆ. ಎಷ್ಟೇ ಅಗಲವಾದರೂ ಜಾಲರಿ ಒಂದೇ ಅಲ್ವಾ? ಹಾಗಾಗಿ ನನ್ನ ಸಲಹೆ ಇಷ್ಟು: 22 ಇಂಚಿನ ಸಾದಾ ಕೆಟಲ್ ಒಂದು ತನ್ನಿ. ಹಳೆಯ 18ನ್ನು ಮಾರಬೇಡಿ. ಅದನ್ನು ಪೂರ್ತಿ ಸಸ್ಯಾಹಾರಕ್ಕೆ ಬಿಟ್ಟುಕೊಡಿ.

ನಾಲ್ಕೇ ಇಂಚಿನಿಂದ ಏನಾಗುತ್ತದೆ ಅಂತ ಕೇಳಬೇಡಿ. 18ರಲ್ಲಿ ಬೇಯಿಸುವ ಜಾಗ 240 ಚದರ ಇಂಚು, 22ರಲ್ಲಿ 363. ಒಂದೂವರೆ ಪಟ್ಟು. 26ರಲ್ಲಿ 508. ಆದರೆ ಈ ಲೆಕ್ಕಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಚಿಕನ್ ಕಾಲು ಸರಿಯಾಗಿ ಬೇಯಬೇಕಾದರೆ ಕೆಂಡವನ್ನೆಲ್ಲ ಒಂದು ಕಡೆ ಒಟ್ಟಬೇಕು. ಇನ್ನೊಂದು ಕಡೆ ಖಾಲಿ ಇರಬೇಕು. ಖಾಲಿ ಕಡೆ ಇಟ್ಟು, ಮುಚ್ಚಳ ಮುಚ್ಚಿ ಬೇಯಿಸಿ, ಕೊನೆಗೆ ಕೆಂಡದ ಮೇಲೆ ಎಳೆದು ಚರ್ಮ ಗರಿಗರಿ ಮಾಡಬೇಕು. 18ರಲ್ಲಿ ಹಾಗೆ ಮಾಡಲು ಹೋದರೆ ಖಾಲಿ ಕಡೆಯೂ ಕೆಂಡದ ಮಗ್ಗುಲಲ್ಲೇ ಇರುತ್ತದೆ. ಒಂದು ಬದಿ ಕಪ್ಪಾಗುತ್ತದೆ. 22ರಲ್ಲಿ ಉಸಿರಾಡುವಷ್ಟು ಜಾಗ ಸಿಗುತ್ತದೆ. ನಿಮ್ಮಲ್ಲಿ ಮಾಂಸ ತಿನ್ನುವವರು ಎಂಟು ಜನ ಅಂತಿಟ್ಟುಕೊಳ್ಳಿ. ತಲೆಗೆ ಎರಡರಂತೆ ಹದಿನಾರು ಕಾಲು. ಒತ್ತಾಗಿ ಜೋಡಿಸಿದರೆ ಒಂದೇ ಸಲಕ್ಕೆ ಮುಗಿಯುತ್ತದೆ.

ನಾನು ತೀರ್ಥಹಳ್ಳಿ ಕಡೆಯವಳು. ಬಚ್ಚಲ ಹಂಡೆ ಒಲೆಯ ಮುಂದೆ ಕೂತು ಬೆಳೆದವಳು. ಕೊಳ್ಳಿ ಮುಂದೆ ತಳ್ಳಿದರೆ ನೀರು ಕುದಿ, ಹಿಂದಕ್ಕೆ ಎಳೆದರೆ ಉಗುರುಬೆಚ್ಚಗೆ. ನೀರು ಕಾದ ಮೇಲೆ ಅಮ್ಮ ಬೂದಿ ಮುಚ್ಚಿದ ಕೆಂಡದಲ್ಲಿ ಗೆಣಸು ಹೂತಿಡುತ್ತಿದ್ದರು, ಉರಿಯಲ್ಲಿ ಇಡುತ್ತಿರಲಿಲ್ಲ. ಈ ಅಮೆರಿಕದ ಉಂಡೆ ಒಲೆಯೂ ಅದೇ ಬುದ್ಧಿಯದು.

ಇನ್ನೊಂದು ಅನುಮಾನ, ಬೇಜಾರು ಮಾಡಿಕೊಳ್ಳಬೇಡಿ. ನೀವು ಮುಚ್ಚಳ ತೆಗೆದಿಟ್ಟು ಸುಡುತ್ತೀರಾ? ನಮ್ಮವರು ಮುಕ್ಕಾಲು ಪಾಲು ಹಾಗೇ ಮಾಡುತ್ತಾರೆ, ಕಬಾಬ್ ಅಂಗಡಿಯಲ್ಲಿ ಬೀಸಣಿಗೆ ಹಿಡಿದು ನಿಂತಂತೆ. ಆ ಮುಚ್ಚಳಕ್ಕೋಸ್ಕರವೇ ಈ ಗ್ರಿಲ್ ಹುಟ್ಟಿದ್ದು. ನೀವಿರುವುದೂ ಅದರ ತವರಿನಲ್ಲೇ. 1952ರಲ್ಲಿ ಶಿಕಾಗೋದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್‌ನಲ್ಲಿದ್ದ ಜಾರ್ಜ್ ಸ್ಟೀಫನ್ ಇದನ್ನು ಮಾಡಿದ. ಹಡಗುಗಳಿಗೆ ಗುರುತಾಗಿ ನೀರಿನ ಮೇಲೆ ತೇಲಿಬಿಡುವ ಲೋಹದ ಗುಂಡುಗಳನ್ನು ಆ ಕಾರ್ಖಾನೆ ಮಾಡುತ್ತಿತ್ತು. ಅವನು ಅಂಥ ಗುಂಡನ್ನೇ ಎರಡು ಹೋಳು ಮಾಡಿ, ಕೆಳಗಿನದನ್ನು ಬೋಗುಣಿ, ಮೇಲಿನದನ್ನು ಮುಚ್ಚಳ ಮಾಡಿದ. ತೆರೆದ ಗ್ರಿಲ್ಲಿನಲ್ಲಿ ಗಾಳಿ, ಬೂದಿಯ ಕಾಟ ಸಾಕಾಗಿತ್ತು ಅವನಿಗೆ. ನೀವೂ ಮುಚ್ಚಳ ಮುಚ್ಚಿ, ಅದರ ಮೇಲಿನ ಗಾಳಿ ತೂತು ಪೂರ್ತಿ ತೆರೆದಿಡಿ. ಶಾಖ ಜಾಸ್ತಿ ಕಡಿಮೆ ಮಾಡುವುದೇನಿದ್ದರೂ ಕೆಳಗಿನ ತೂತಿನಲ್ಲಿ. ಐದು ನಿಮಿಷಕ್ಕೊಮ್ಮೆ ಎತ್ತಿ ನೋಡಬೇಡಿ. ಮಾಂಸದ ಥರ್ಮಾಮೀಟರ್ ಚುಚ್ಚಿ, 165 ಡಿಗ್ರಿ ಫ್ಯಾರನ್‌ಹೀಟ್ ಬಂದರೆ ಚಿಕನ್ ಬೆಂದಿದೆ. ಮುಂದಿನ ಸಲ ಹಳೆಯ ಗ್ರಿಲ್ಲಿನಲ್ಲೇ ಇದನ್ನು ಮಾಡಿ ನೋಡಿ. ಮೂರು ಸಲದ್ದು ಎರಡಕ್ಕೆ ಇಳಿದರೂ ಇಳಿಯಬಹುದು.

26 ಇಂಚಿನದರ ಬಗ್ಗೆ ಇಷ್ಟು ಖಾರವಾಗಿ ಯಾಕೆ ಮಾತಾಡುತ್ತೇನೆ ಅಂದರೆ, ನಾನೇ ಕೊಂಡಿದ್ದೆ. 2017ರಲ್ಲಿ, ಮಗನ ಹೈಸ್ಕೂಲ್ ಮುಗಿದ ಖುಷಿಗೆ. ಆ ಬೇಸಿಗೆ ಒಂಬತ್ತು ಸಲ ಹಚ್ಚಿದೆ. ಅದರಲ್ಲಿ ಏಳು ಸಲ ಊಟಕ್ಕಿದ್ದವರು ನಾವು ಮೂರೇ ಜನ. ಮೂರು ಜನರ ಮೀನಿಗೆ ಅಷ್ಟು ದೊಡ್ಡ ಬೋಗುಣಿ ಕಾಯಿಸುವುದೆಂದರೆ ಒಂದು ಲೋಟ ಕಾಫಿಗೆ ಹಂಡೆ ಒಲೆ ಹಚ್ಚಿದ ಹಾಗೆ. ಇದ್ದಿಲು ಕಮ್ಮಿ ಹಾಕಿದರೆ ಶಾಖ ಏರದು, ಸಾಕಷ್ಟು ಹಾಕಿದರೆ ಅರ್ಧ ದಂಡ. ಮುಚ್ಚಳ ಎತ್ತಿ ಎತ್ತಿ ನನ್ನ ಭುಜ ಹಿಡಿದುಕೊಂಡಿತು. ಮುಂದಿನ ವರ್ಷ ಪಕ್ಕದ ಬೀದಿಯವರಿಗೆ ಅರ್ಧ ಬೆಲೆಗೆ ಕೊಟ್ಟೆ. ಅವರ ಮನೆಯಲ್ಲಿ ಪ್ರತಿ ಭಾನುವಾರ ಇಪ್ಪತ್ತು ಜನ, ಉದ್ದುದ್ದ ಪಕ್ಕೆಲುಬು ಬೇಯಿಸುತ್ತಾರೆ. ಅಂಥವರಿಗೆ ಅದೇ ಸರಿ. ನಿಮ್ಮ ಮನೆಯಲ್ಲಿ ಸಾಮಾನ್ಯ ದಿನ ನಾಲ್ಕೇ ಜನ. ಗ್ರಿಲ್ಲಿನ ಅಳತೆ ಆ ನಾಲ್ಕು ಜನರಿಗೂ ಹೊಂದಬೇಕು. ಬೆಲೆ ನೋಡಿದರೂ 26ರದು ಸಾದಾ 22ಕ್ಕಿಂತ ಬಹಳ ಜಾಸ್ತಿ. 22ಕ್ಕೆ ಬಿಡಿ ಜಾಲರಿ, ಹೊದಿಕೆ, ಕೋಳಿ ತಿರುಗಿಸುವ ಕಂಬಿ ಎಲ್ಲ ಸುಲಭವಾಗಿ ಸಿಗುತ್ತವೆ.

ಈಗ ಆ ಇಬ್ಬರು ಗೆಳೆಯರ ವಿಷಯ. ಅವರು ಬಿಗುಮಾನ ಮಾಡುತ್ತಿದ್ದಾರೆ ಅಂದುಕೊಳ್ಳಬೇಡಿ. ಫಾಯಿಲ್ ಹಾಸಿದ್ದರೂ ಪಕ್ಕದಲ್ಲಿ ಕೋಳಿಯ ಕೊಬ್ಬು ತೊಟ್ಟಿಕ್ಕಿ ಆ ಹೊಗೆಯೇ ಜೋಳಕ್ಕೂ ಹತ್ತುತ್ತದೆ. ಮೇಲಾಗಿ ಫಾಯಿಲ್ ಮೇಲೆ ಸುಟ್ಟ ಜೋಳಕ್ಕೆ ಕೆಂಡದ ರುಚಿ ಎಲ್ಲಿಂದ ಬರಬೇಕು? ಹಳೆಯ 18ನ್ನು ಒಮ್ಮೆ ಚೆನ್ನಾಗಿ ಕಾಯಿಸಿ, ಉಜ್ಜಿ ತೊಳೆಯಿರಿ. ಹೊಸ ಜಾಲರಿ ಹಾಕಿ, ಅದಕ್ಕೆ ದೊಡ್ಡ ಖರ್ಚಿಲ್ಲ. ಇಕ್ಕಳ ಬೇರೆ ಇಡಿ, ಹಿಡಿಗೆ ಹಸಿರು ಟೇಪು ಸುತ್ತಿ. ನಮ್ಮ ಊರಿನ ಪೊಟ್ಟಣಗಳ ಹಸಿರು ಚುಕ್ಕಿ ಎಲ್ಲರಿಗೂ ಗೊತ್ತಿರುವುದೇ. ಆಮೇಲೆ ಆ ಇಕ್ಕಳವನ್ನು ಆ ಇಬ್ಬರಲ್ಲಿ ಒಬ್ಬರ ಕೈಗೇ ಕೊಡಿ. ನಮ್ಮ ಮನೆಯಲ್ಲಿ ಹಾಗೆ ಕೊಟ್ಟ ದಿನ, ಯಾವತ್ತೂ ಕುರ್ಚಿ ಬಿಟ್ಟೇಳದ ಒಬ್ಬರು ಸಂಜೆಯಿಡೀ ನಿಂತು ಹಲಸಿನ ಹಪ್ಪಳ ಸುಟ್ಟರು. ಬದನೆಕಾಯಿ ಇಡಿಯಾಗಿ ಸುಟ್ಟರೆ ಗೊಜ್ಜಾಗುತ್ತದೆ. ಮಾಂಸ ತಿನ್ನುವವರೇ ಅದಕ್ಕೆ ಮುಗಿಬೀಳುತ್ತಾರೆ, ಸ್ವಲ್ಪ ಜಾಸ್ತಿಯೇ ಮಾಡಿ.

ಕೊಳ್ಳುವ ಮುಂಚೆ ಒಂದು ಕೆಲಸ. ನಿಮ್ಮದು ಟೌನ್‌ಹೌಸ್, ಅಂದರೆ ಗೋಡೆಗೆ ಗೋಡೆ ಅಂಟಿದ ಸಾಲುಮನೆ, ಆಗಿದ್ದರೆ ಮನೆಮಾಲೀಕರ ಅಸೋಸಿಯೇಷನ್ನಿನ ನಿಯಮ ಓದಿ. ಮರದ ಗೋಡೆ, ಮರದ ಡೆಕ್‌ನಿಂದ ಹತ್ತು ಅಡಿ ದೂರ ಬೇಕು ಎಂಬ ಷರತ್ತು ಬಹಳ ಕಡೆ ಇದೆ. ಎರಡು ಗ್ರಿಲ್ಲಿಗೂ ಅಷ್ಟು ಜಾಗ ಸಿಗದಿದ್ದರೆ ನನ್ನ ಸಲಹೆ ಕೆಲಸಕ್ಕೆ ಬಾರದು. ಆಗ 18ನ್ನು ಕೊಟ್ಟುಬಿಟ್ಟು 22 ಒಂದನ್ನೇ ಇಟ್ಟುಕೊಳ್ಳಿ, ಮೊದಲು ತರಕಾರಿ ಸುಟ್ಟು ಆಮೇಲೆ ಚಿಕನ್ ಹಾಕಿ. ಅವಸರವಿಲ್ಲದಿದ್ದರೆ ಸೆಪ್ಟೆಂಬರಿನ ಲೇಬರ್ ಡೇ ತನಕ ಕಾಯಿರಿ. ಬೇಸಿಗೆ ಮುಗಿಯುವಾಗ ಅಂಗಡಿಯವರು ಬೆಲೆ ಇಳಿಸುವುದುಂಟು.

ಪ್ರಶ್ನೆ: ಇದ್ದಿಲು ಹೊತ್ತಿಸಲು ಬಾಟಲಿಯ ಲೈಟರ್ ಎಣ್ಣೆ ಹಾಕುತ್ತೇನೆ. ಊಟವೆಲ್ಲ ಸೀಮೆಎಣ್ಣೆ ವಾಸನೆ ಅಂತ ಮಕ್ಕಳ ದೂರು. — ಆಸ್ಟಿನ್‌ನ ಓದುಗರು

ಉತ್ತರ: ಮಕ್ಕಳು ಸುಳ್ಳು ಹೇಳುತ್ತಿಲ್ಲ. ಚಿಮ್ನಿ ಸ್ಟಾರ್ಟರ್ ಎಂಬ ತಗಡಿನ ಕೊಳವೆ ಸಿಗುತ್ತದೆ, ತಂದುಬಿಡಿ. ಕೆಳಗೆ ಎರಡು ಹಾಳೆ ಹಳೆ ಪೇಪರ್ ಮುದುಡಿ ಇಡಿ, ಮೇಲೆ ಇದ್ದಿಲು ತುಂಬಿ, ಪೇಪರಿಗೆ ಕಡ್ಡಿ ಗೀರಿ. ಊದುಗೊಳವೆ ಹಿಡಿದು ಕಣ್ಣಲ್ಲಿ ನೀರು ಸುರಿಸಬೇಕಿಲ್ಲ. ಹದಿನೈದು ಇಪ್ಪತ್ತು ನಿಮಿಷಕ್ಕೆ ಮೇಲಿನ ಇದ್ದಿಲಿಗೂ ಬೂದಿ ಹಿಡಿಯುತ್ತದೆ, ಆಗ ಸುರುವಿ. ಉಳಿದ ಎಣ್ಣೆಯನ್ನು ಉರಿಯುವ ಕೆಂಡದ ಮೇಲೆ ಮಾತ್ರ ಯಾವತ್ತೂ ಚೆಲ್ಲಬೇಡಿ. ಊಟವಾದ ಮೇಲೆ ಮೇಲಿನ, ಕೆಳಗಿನ ತೂತು ಎರಡನ್ನೂ ಮುಚ್ಚಿದರೆ ಕೆಂಡ ಆರುತ್ತದೆ, ಮಿಕ್ಕ ಇದ್ದಿಲು ಮುಂದಿನ ಸಲಕ್ಕೆ ಆಗುತ್ತದೆ. ಬೂದಿಯನ್ನು ಎರಡು ದಿನ ಬಿಟ್ಟು, ಮುಚ್ಚಳವಿರುವ ಕಬ್ಬಿಣದ ಡಬ್ಬಿಗೆ ಹಾಕಿ, ಮನೆಯ ಹೊರಗೇ ಇಡಿ.