ಹಳೆಯ ಕಂಪ್ಯೂಟರಿನಲ್ಲಿ ಆರ್ಕೇಡ್ ಆಟಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಬಳಿ 512 ಎಂಬಿ ರ‍್ಯಾಮ್ ಇರುವ ಪೆಂಟಿಯಂ 4 ಕಂಪ್ಯೂಟರ್ ಇದೆ. ಅದರಲ್ಲಿರುವುದು ವಿಂಡೋಸ್ ಎಕ್ಸ್‌ಪಿ. ನಾಣ್ಯ ಹಾಕಿ ಆಡುತ್ತಿದ್ದ ಆರ್ಕೇಡ್ ಯಂತ್ರಗಳ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಮೇಮ್ ಎಮ್ಯುಲೇಟರಿನ ಇತ್ತೀಚಿನ ಆವೃತ್ತಿಯನ್ನು ಇಳಿಸಿಕೊಂಡು ತೆರೆಯಲು ಹೋದರೆ, ಇದು ಸರಿಯಾದ ವಿನ್32 ಅಪ್ಲಿಕೇಶನ್ ಅಲ್ಲ ಎಂಬ ಸಂದೇಶ ಬರುತ್ತದೆ. ಕಂಪ್ಯೂಟರನ್ನೇ ಬದಲಾಯಿಸಬೇಕೆ?

ಉತ್ತರ: ಬೇಕಿಲ್ಲ. ಈ ಸಂದೇಶ ಕಂಡಾಗ ಫೈಲು ಕೆಟ್ಟಿದೆಯೆಂದೋ ಯಂತ್ರ ಕೈಕೊಟ್ಟಿದೆಯೆಂದೋ ಅನಿಸುವುದು ಸಹಜ. ಆದರೆ ಅದರ ಅರ್ಥ ಇಷ್ಟೇ: ನೀವು ತೆರೆಯುತ್ತಿರುವ ಪ್ರೋಗ್ರಾಂ 64 ಬಿಟ್‌ನದು, ನಿಮ್ಮ ಎಕ್ಸ್‌ಪಿ 32 ಬಿಟ್‌ನದು. ಮೇಮ್ ತಂಡವು ಈಗ ವಿಂಡೋಸ್‌ಗಾಗಿ ಸಿದ್ಧಪಡಿಸಿ ಕೊಡುವ ಪ್ರತಿಗಳು 64 ಬಿಟ್‌ನವು. ಅವುಗಳಿಗೆ ಎಕ್ಸ್‌ಪಿಯ ಲೆಕ್ಕವೇ ಇಲ್ಲ.

ಇಂಥ ಯಂತ್ರಕ್ಕೆ ಹೊಂದುವುದು ಅದರ ವಯಸ್ಸಿಗೆ ಸರಿಯಾದ ಆವೃತ್ತಿ. ಇಟಲಿಯ ನಿಕೋಲಾ ಸಾಲ್ಮೋರಿಯಾ ಅವರು ಮೇಮ್ ಅನ್ನು ಮೊದಲು ಬಿಡುಗಡೆ ಮಾಡಿದ್ದು 1997ರ ಫೆಬ್ರವರಿಯಲ್ಲಿ. ಆಗಿನಿಂದ ನೂರಾರು ಆವೃತ್ತಿಗಳು ಬಂದಿವೆ, ಹಳೆಯವು ಇಂದಿಗೂ ಸಿಗುತ್ತವೆ. 2003ರ ಕೊನೆಯಲ್ಲಿ ಬಂದ 0.78 ಆವೃತ್ತಿಯು ಪೆಂಟಿಯಂ 4ರ ಕಾಲದ್ದೇ ಆದುದರಿಂದ ನಿಮ್ಮ ಯಂತ್ರದ ಮೇಲೆ ಹಗುರವಾಗಿ ಓಡುತ್ತದೆ. ಶಕ್ತಿ ಕಡಿಮೆಯಿರುವ ಚಿಕ್ಕ ಸಾಧನಗಳಿಗಾಗಿ ರೂಪಿಸಿದ ‘ಮೇಮ್ 2003’ ಕೂಡ ಇದೇ 0.78ರ ಮೇಲೆ ನಿಂತಿದೆ. 2010ರ 0.139 ಕೂಡ ಎಕ್ಸ್‌ಪಿಯಲ್ಲಿ ತೆರೆಯುತ್ತದೆ. ಆದರೆ ಅದು ಹೆಚ್ಚು ಭಾರ. ನಿಮಗೆ ಬೇಕಾದ ಆಟ 0.78ರಲ್ಲಿ ಇಲ್ಲದಿದ್ದರೆ ಮಾತ್ರ ಅದಕ್ಕೆ ಕೈಹಾಕಿ ಎಂಬುದು ನನ್ನ ಸಲಹೆ.

ಹೊಸ ಆವೃತ್ತಿ ಯಾಕೆ ನಿಧಾನ ಎಂದು ಅನೇಕರು ಬೇಸರದಿಂದ ಕೇಳುತ್ತಾರೆ. ಮೇಮ್‌ನ ಗುರಿ ವೇಗವಲ್ಲ; ಮೂಲ ಯಂತ್ರ ಹೇಗೆ ಕೆಲಸ ಮಾಡುತ್ತಿತ್ತೋ ಅದನ್ನು ಹಾಗೆಯೇ ದಾಖಲಿಸುವುದು. 1981ರ ಡಾಂಕಿ ಕಾಂಗ್ ಆಟವನ್ನೇ ನೋಡಿ. ಅದರಲ್ಲಿ ನಾಯಕ ನಡೆಯುವ, ನೆಗೆಯುವ ಸದ್ದುಗಳು ಬೋರ್ಡಿನ ಮೇಲಿದ್ದ ರೆಸಿಸ್ಟರ್, ಕೆಪಾಸಿಟರ್‌ಗಳ ಸರ್ಕ್ಯೂಟಿನಿಂದ ಹುಟ್ಟುತ್ತಿದ್ದವು. ಹಳೆಯ ಮೇಮ್ ಆ ಸದ್ದುಗಳ ಧ್ವನಿಮುದ್ರಣವನ್ನು ನುಡಿಸಿ ಸುಮ್ಮನಾಗುತ್ತಿತ್ತು, ಅದಕ್ಕೆ ಪ್ರೊಸೆಸರಿನ ಶ್ರಮ ಬಹುತೇಕ ಬೇಡ. ಮುಂದಿನ ಆವೃತ್ತಿಗಳು ಆ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಹೇಗೆ ಏರಿಳಿಯುತ್ತದೆ ಎಂಬುದನ್ನೇ ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಲೆಕ್ಕ ಹಾಕಿ ಸದ್ದನ್ನು ಹುಟ್ಟಿಸುತ್ತವೆ. ಮೂಲ ಬೋರ್ಡುಗಳು ಒಂದೊಂದಾಗಿ ಸಾಯುತ್ತಿರುವಾಗ ಈ ಶ್ರಮಕ್ಕೆ ಬೆಲೆ ಕಟ್ಟಲಾಗದು. ಆ ಹೊರೆಯನ್ನು ಪೆಂಟಿಯಂ 4ರ ಮೇಲೆ ಹೇರಬೇಕಾಗಿಲ್ಲ, ಅಷ್ಟೇ.

ಎಕ್ಸ್‌ಪಿಗೆ ಭದ್ರತಾ ತಿದ್ದುಪಡಿಗಳು ಬರುವುದು 2014ರ ಏಪ್ರಿಲ್‌ನಲ್ಲಿ ನಿಂತುಹೋಗಿದೆ. ಫೈಲುಗಳನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್ ಮೂಲಕ ತನ್ನಿ. ಈ ಯಂತ್ರವನ್ನು ಇಂಟರ್ನೆಟ್ಟಿಗೆ ಜೋಡಿಸಬೇಡಿ.

ಪ್ರಶ್ನೆ: ಹಳೆಯ ಆವೃತ್ತಿ ತೆರೆಯುತ್ತದೆ. ಆದರೆ ಪ್ಯಾಕ್‌ಮನ್ ಆರಿಸಿದರೆ ಕೆಲವು ಫೈಲುಗಳು ಇಲ್ಲ ಎನ್ನುತ್ತದೆ. ಪ್ಯಾಕ್‌ಮನ್.ಜಿಪ್ ಫೈಲು ರೋಮ್ಸ್ ಫೋಲ್ಡರಿನಲ್ಲೇ ಇದೆ.

ಉತ್ತರ: ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಇಲ್ಲಿ ಎರಡು ಕಾರಣಗಳು ಹೆಣೆದುಕೊಂಡಿರುತ್ತವೆ.

ಮೇಮ್‌ನ ಲೆಕ್ಕದಲ್ಲಿ ಪ್ರತಿ ಆಟಕ್ಕೂ ಒಂದು ಮೂಲ ರೂಪ ಇರುತ್ತದೆ, ಉಳಿದವು ಅದರ ತದ್ರೂಪುಗಳು. ನಾಮ್ಕೊ ಕಂಪನಿಯು 1980ರಲ್ಲಿ ಜಪಾನಿನಲ್ಲಿ ಹೊರತಂದ ಪಕ್‌ಮನ್ ಮೂಲ ರೂಪ. ಅಮೆರಿಕದಲ್ಲಿ ಮಿಡ್‌ವೇ ಹೊರತಂದ ಪ್ಯಾಕ್‌ಮನ್ ಅದರ ತದ್ರೂಪು. ರೋಮ್‌ಗಳನ್ನು, ಅಂದರೆ ಆಟದ ಚಿಪ್‌ಗಳಿಂದ ಓದಿಕೊಂಡ ದತ್ತಾಂಶದ ಫೈಲುಗಳನ್ನು, ಬಿಡಿಯಾಗಿ ಕಟ್ಟಿದ್ದರೆ, ಎರಡಕ್ಕೂ ಸಾಮಾನ್ಯವಾದ ಚಿಪ್‌ಗಳ ದತ್ತಾಂಶ ಪಕ್‌ಮನ್.ಜಿಪ್‌ನಲ್ಲಿ ಮಾತ್ರ ಇರುತ್ತದೆ. ಹಾಗಾಗಿ ಎರಡು ಜಿಪ್‌ಗಳೂ ಬೇಕು. ನಿಯೋ ಜಿಯೋ ಎಂಬ ಆರ್ಕೇಡ್ ಯಂತ್ರದ ಆಟಗಳಿಗೆ ನಿಯೋಜಿಯೋ.ಜಿಪ್ ಎಂಬ ಬಯಾಸ್ (ಯಂತ್ರವನ್ನು ಚಾಲೂ ಮಾಡುವ ಮೂಲ ಪ್ರೋಗ್ರಾಂ) ಫೈಲು ಬೇಕಾಗುವುದೂ ಹೀಗೆಯೇ.

ಇನ್ನೊಂದು ಕಾರಣ ಆವೃತ್ತಿಗೆ ಸಂಬಂಧಿಸಿದ್ದು. ಪ್ರತಿ ಚಿಪ್‌ನ ದತ್ತಾಂಶಕ್ಕೂ ಮೇಮ್ ಒಂದು ತಾಳೆ ಸಂಖ್ಯೆ ಇಟ್ಟುಕೊಂಡಿರುತ್ತದೆ. ಚಿಪ್ಪನ್ನು ಮತ್ತೊಮ್ಮೆ ಓದಿಸಿದಾಗ ಹಿಂದಿನ ಪ್ರತಿಯಲ್ಲಿ ದೋಷ ಕಂಡರೆ, ಅಥವಾ ಮೊದಲು ಯಾರೂ ಓದದಿದ್ದ ಪುಟ್ಟ ಚಿಪ್ಪೊಂದನ್ನು ಸೇರಿಸಿದರೆ, ಮುಂದಿನ ಆವೃತ್ತಿಯ ಪಟ್ಟಿಯೂ ಬದಲಾಗುತ್ತದೆ. ಆದುದರಿಂದ 0.78ಕ್ಕೆ 0.78ರ ಕಾಲದ ರೋಮ್‌ಗಳೇ ಆಗಬೇಕು. ಕಮಾಂಡ್ ಕಿಟಕಿಯಲ್ಲಿ ಮೇಮ್‌ನ ಹೆಸರಿನ ಮುಂದೆ ವೆರಿಫೈರೋಮ್ಸ್ ಎಂಬ ಆಯ್ಕೆಯನ್ನೂ ಆಟದ ಹೆಸರನ್ನೂ ಕೊಟ್ಟರೆ, ಯಾವ ಫೈಲು ಇಲ್ಲ, ಯಾವುದು ತಾಳೆಯಾಗುತ್ತಿಲ್ಲ ಎಂಬುದನ್ನು ಅದೇ ಒಂದೊಂದಾಗಿ ಹೇಳುತ್ತದೆ. ಊಹೆ ಮಾಡುತ್ತಾ ಕೂರುವ ಬದಲು ಆ ಸಾಲುಗಳನ್ನು ಓದಿ. ಜಿಪ್ ಫೈಲುಗಳನ್ನು ಬಿಚ್ಚುವ ಅಗತ್ಯವಿಲ್ಲ.

ಪ್ರಶ್ನೆ: ವಿಂಡೋಸ್ 98 ಇರುವ 300 ಮೆಗಾಹರ್ಟ್ಸ್‌ನ ಪೆಂಟಿಯಂ 2ರಲ್ಲಿ ಪ್ಯಾಕ್‌ಮನ್ ಚೆನ್ನಾಗಿ ಓಡುತ್ತದೆ. ಸ್ಟ್ರೀಟ್ ಫೈಟರ್ 2ರಲ್ಲಿ ಸದ್ದು ಕರಕರ ಎನ್ನುತ್ತದೆ. ಟೆಕ್ಕನ್ ಅಂತೂ ತೆವಳುತ್ತದೆ. ಆರ್ಕೇಡ್ ಪ್ರೊಸೆಸರ್‌ಗಳು ನನ್ನದಕ್ಕಿಂತ ನಿಧಾನವಾಗಿದ್ದವಲ್ಲ?

ಉತ್ತರ: ನಿಧಾನವಾಗಿದ್ದವು, ನಿಜ. ಪ್ಯಾಕ್‌ಮನ್‌ನಲ್ಲಿದ್ದುದು 3.072 ಮೆಗಾಹರ್ಟ್ಸ್‌ನ ಝಡ್80 ಪ್ರೊಸೆಸರ್. 1991ರ ಸ್ಟ್ರೀಟ್ ಫೈಟರ್ 2ರಲ್ಲಿ 10 ಮೆಗಾಹರ್ಟ್ಸ್‌ನ 68000 ಎಂಬ ಪ್ರೊಸೆಸರ್, ಅದರ ಜೊತೆಗೆ ಸದ್ದಿಗೆಂದೇ ಒಂದು ಝಡ್80. ಆದರೆ ಆ ಚಿಪ್‌ಗಳೆಲ್ಲ ಏಕಕಾಲದಲ್ಲಿ ತಮ್ಮ ತಮ್ಮ ಕೆಲಸ ಮಾಡುತ್ತಿದ್ದವು. ನಿಮ್ಮ ಪೆಂಟಿಯಂ ಒಂದೇ ಆಗಿದ್ದು ಅವೆಲ್ಲವುಗಳ ಪಾತ್ರವನ್ನೂ ಸರದಿಯಂತೆ ವಹಿಸಬೇಕು; ಮೂಲ ಪ್ರೊಸೆಸರಿನ ಒಂದೊಂದು ಆದೇಶವನ್ನೂ ಓದಿ, ಅರ್ಥಮಾಡಿಕೊಂಡು, ತನ್ನ ಹತ್ತಾರು ಆದೇಶಗಳಲ್ಲಿ ನಡೆಸಿಕೊಡಬೇಕು.

ಸೆಕೆಂಡಿಗೆ 60 ಚಿತ್ರಗಳೆಂದರೆ ಒಂದು ಚಿತ್ರಕ್ಕೆ ಸಿಗುವ ಕಾಲ 16.7 ಮಿಲಿಸೆಕೆಂಡ್. ಕೆಲಸ ಮುಗಿಯಲು 18 ಮಿಲಿಸೆಕೆಂಡ್ ಹಿಡಿದರೆ ಸೆಕೆಂಡಿಗೆ ಸುಮಾರು 55 ಚಿತ್ರಗಳಷ್ಟೇ ಆಗುತ್ತವೆ. ಕಣ್ಣಿಗೆ ಆ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಸೌಂಡ್ ಕಾರ್ಡ್ ಮಾತ್ರ ತನ್ನ ವೇಗದಲ್ಲೇ ದತ್ತಾಂಶವನ್ನು ಎಳೆದುಕೊಳ್ಳುತ್ತಾ ಹೋಗುವುದರಿಂದ ಅದರ ಬಫರ್ (ಸದ್ದಿನ ದತ್ತಾಂಶ ಸರದಿಗೆ ಕಾಯುವ ಜಾಗ) ಬರಿದಾಗುತ್ತದೆ. ನಿಮಗೆ ಕೇಳಿಸುವ ಕರಕರ ಶಬ್ದ ಆ ಬರಿದಾದ ಕ್ಷಣಗಳದ್ದು. ಅಂದರೆ ಸೌಂಡ್ ಕಾರ್ಡಿನಲ್ಲಿ ದೋಷವಿಲ್ಲ. ಯಂತ್ರ ಸ್ವಲ್ಪದರಲ್ಲೇ ಹಿಂದೆ ಬೀಳುತ್ತಿದೆ.

ಆಟ ನಡೆಯುವಾಗ ಎಫ್11 ಒತ್ತಿ ವೇಗವನ್ನು ನೋಡಿ. ಶೇಕಡಾ 90ರ ಆಸುಪಾಸಿನಲ್ಲಿದ್ದರೆ ಸದ್ದಿನ ಸ್ಯಾಂಪಲ್ ರೇಟ್ ಅನ್ನು 22050ಕ್ಕೆ ಇಳಿಸಿ, ಆಟೋ ಫ್ರೇಮ್‌ಸ್ಕಿಪ್ (ಸಮಯ ಸಾಲದಾಗ ಕೆಲವು ಚಿತ್ರಗಳನ್ನು ಬಿಟ್ಟುಬಿಡುವ ಆಯ್ಕೆ) ಹಾಕಿ, ಪರದೆಯನ್ನು 16 ಬಿಟ್ ಬಣ್ಣಕ್ಕೆ ತನ್ನಿ, ಅಷ್ಟೇ ಸಾಕಾಗಬಹುದು. ಅದಕ್ಕಿಂತ ತೀರಾ ಕೆಳಗಿದ್ದರೆ 2000ದ 0.37 ಸರಣಿಯ ಆವೃತ್ತಿಗೆ ಹೋಗಿ. ಮೇಮ್ ಹುಟ್ಟಿದ್ದೇ ವಿಂಡೋಸ್‌ಗಿಂತ ಹಳೆಯ ಕಾರ್ಯವ್ಯವಸ್ಥೆಯಾದ ಡಾಸ್‌ನಲ್ಲಿ. ಸೌಂಡ್ ಬ್ಲಾಸ್ಟರಿಗೆ ಹೊಂದುವ ಕಾರ್ಡ್ ನಿಮ್ಮಲ್ಲಿದ್ದರೆ ವಿಂಡೋಸ್ ಅನ್ನು ಬಿಟ್ಟು ನೇರ ಡಾಸ್‌ನಲ್ಲೇ ಓಡಿಸಿ ನೋಡಿ, ಇಡೀ ಪ್ರೊಸೆಸರ್ ಆಟಕ್ಕೇ ಸಿಗುತ್ತದೆ. ಇಂಥದೇ ಒಂದು ಯಂತ್ರದಲ್ಲಿ ಹೀಗೆ ಮಾಡಿದಾಗ ಒಂದು ಸಂಜೆಯಿಡೀ ಸದ್ದು ಒಮ್ಮೆಯೂ ಕಡಿಯದೆ ಬಂದುದು ನನಗೆ ಇನ್ನೂ ನೆನಪಿದೆ.

ಟೆಕ್ಕನ್ ಆಸೆ ಬಿಡಿ. 1994ರ ಆ ಆಟದ ಬೋರ್ಡು ಮೊದಲ ಪ್ಲೇಸ್ಟೇಷನ್ನಿನ ಹಾರ್ಡ್‌ವೇರ್ ಆಧರಿಸಿದ್ದು, ಅದರ ಪ್ರೊಸೆಸರೇ ಸುಮಾರು 34 ಮೆಗಾಹರ್ಟ್ಸ್‌ನದು, ಜೊತೆಗೆ ಮೂರು ಆಯಾಮಗಳ ಚಿತ್ರಗಳ ಲೆಕ್ಕ ಬೇರೆ. ಯಾವ ಹೊಂದಾಣಿಕೆಯಿಂದಲೂ ಪೆಂಟಿಯಂ 2ಕ್ಕೆ ಅದು ದಕ್ಕುವುದಿಲ್ಲ.

ಪ್ರಶ್ನೆ: ಮೇಲಿನ ಬಾಣ, ಎಡ ಬಾಣ ಒತ್ತಿಕೊಂಡು ಸ್ಪೇಸ್ ಒತ್ತಿದರೆ ಗುಂಡು ಹಾರುವುದಿಲ್ಲ. ಶಿಫ್ಟ್ ಅನ್ನು ಪದೇ ಪದೇ ಒತ್ತಿದರೆ ಕಿಟಕಿಯೊಂದು ತೆರೆದು ಆಟ ನಿಲ್ಲುತ್ತದೆ.

ಉತ್ತರ: ಮೊದಲನೆಯದು ಕೀಬೋರ್ಡಿನ ಮಿತಿ. ಅಗ್ಗದ ಕೀಬೋರ್ಡುಗಳಲ್ಲಿ ಕೀಲಿಗಳನ್ನು ಅಡ್ಡಸಾಲು, ಕಂಬಸಾಲುಗಳ ತಂತಿಜಾಲದಲ್ಲಿ ಜೋಡಿಸಿರುವುದರಿಂದ, ಕೆಲವು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಮೂರನೆಯದು ನಿಜವೋ ಹುಸಿಯೋ ಎಂದು ತಿಳಿಯದೆ ಕೀಬೋರ್ಡ್ ಅದನ್ನು ಬಿಟ್ಟುಬಿಡುತ್ತದೆ. ಕಂಟ್ರೋಲ್, ಆಲ್ಟ್ ಕೀಲಿಗಳು ಸಾಮಾನ್ಯವಾಗಿ ಈ ತೊಂದರೆಯಿಂದ ಹೊರಗಿರುತ್ತವೆ. ಆಟದ ನಡುವೆ ಟ್ಯಾಬ್ ಒತ್ತಿ, ಮೆನುವಿನಲ್ಲಿ ಗುಂಡು ಹಾರಿಸುವ ಕೀಲಿಯನ್ನು ಅವುಗಳಲ್ಲೊಂದಕ್ಕೆ ಬದಲಾಯಿಸಿಕೊಳ್ಳಿ. ಶಿಫ್ಟ್ ಅನ್ನು ಐದು ಬಾರಿ ಒತ್ತಿದರೆ ತೆರೆಯುವುದು ವಿಂಡೋಸ್‌ನ ಸ್ಟಿಕಿ ಕೀಸ್. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅದನ್ನು ಬಂದ್ ಮಾಡಿಬಿಡಿ.

ಪ್ರಶ್ನೆ: ಚಿತ್ರದ ನಡುವೆ ಆಗಾಗ ಅಡ್ಡಗೆರೆ ಸೀಳಿದಂತೆ ಕಾಣುತ್ತದೆ.

ಉತ್ತರ: ಪ್ಯಾಕ್‌ಮನ್‌ನ ಪರದೆ ಸೆಕೆಂಡಿಗೆ 60.6 ಬಾರಿ ಹೊಸದಾಗುತ್ತಿತ್ತು, ನಿಮ್ಮ ಮಾನಿಟರ್ 60 ಬಾರಿ. ಆ ಅಲ್ಪ ವ್ಯತ್ಯಾಸ ಕೂಡುತ್ತಾ ಹೋಗಿ ಪ್ರತಿ ಒಂದೆರಡು ಸೆಕೆಂಡಿಗೊಮ್ಮೆ ಸೀಳು ಪರದೆಯನ್ನು ಹಾದುಹೋಗುತ್ತದೆ. ಸೆಟ್ಟಿಂಗ್‌ನಲ್ಲಿ ವಿಸಿಂಕ್ (ಚಿತ್ರವನ್ನು ಮಾನಿಟರಿನ ವೇಗಕ್ಕೆ ಹೊಂದಿಸುವ ಆಯ್ಕೆ) ಚಾಲೂ ಮಾಡಿದರೆ ಅದು ಮಾಯವಾಗುತ್ತದೆ.

ಪ್ರಶ್ನೆ: ಕಾನೂನಿನ ತೊಡಕಿಲ್ಲದ ರೋಮ್‌ಗಳು ಇವೆಯೇ?

ಉತ್ತರ: ಎಮ್ಯುಲೇಟರ್ ಮುಕ್ತ ತಂತ್ರಾಂಶ, 2016ರಿಂದ ಅದರ ಪರವಾನಗಿಯೂ ಪೂರ್ಣ ಮುಕ್ತವಾಗಿದೆ. ಆಟಗಳ ಹಕ್ಕು ಮಾತ್ರ ಆಯಾ ಕಂಪನಿಗಳದ್ದು, ಆಟ ಎಷ್ಟೇ ಹಳೆಯದಾದರೂ ಅದು ತಾನಾಗಿ ಬಿಟ್ಟುಹೋಗುವುದಿಲ್ಲ. ಆದರೆ ರಾಬಿ ರೋಟೊ, ಗ್ರಿಡ್ಲೀ, ಪಾಲಿ ಪ್ಲೇ ಮೊದಲಾದ ಕೆಲವನ್ನು ಹಕ್ಕುದಾರರ ಅನುಮತಿಯಿಂದ ಮೇಮ್ ತಂಡವೇ ವಾಣಿಜ್ಯೇತರ ಬಳಕೆಗೆ ಉಚಿತವಾಗಿ ಕೊಡುತ್ತದೆ. ಹಳೆಯ ಯಂತ್ರದಲ್ಲಿ ಎಮ್ಯುಲೇಟರ್ ಹಾಕಿದ ಕೂಡಲೇ 1981ರ ರಾಬಿ ರೋಟೊವನ್ನು ಓಡಿಸಿ ನೋಡಿ. ಹಗುರವಾದ ಆ ಆಟ ಸರಾಗವಾಗಿ ನಡೆದು, ನಿಮಗೆ ಬೇಕಾದ ಇನ್ನೊಂದು ಆಟ ತೆರೆಯದಿದ್ದರೆ, ಕಂಪ್ಯೂಟರನ್ನು ಬಿಚ್ಚುವ ಮೊದಲು ಆ ಇನ್ನೊಂದರ ಜಿಪ್ ಫೈಲನ್ನು ಪರೀಕ್ಷಿಸಿ.