ಕುಟ್ಟಾಣಿ ಯಾರಿಗಾಗಿ ಇತ್ತು?

ತಿಪಟೂರಿನ ಕಡೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಬಿಸಿಯೂಟವಾದ ಮೇಲೆ ಶಾಲೆಯಲ್ಲೇ ಮಕ್ಕಳಿಗೆ ಹಲ್ಲುಜ್ಜುವುದನ್ನು ರೂಢಿ ಮಾಡಿಸಬೇಕೆಂದು ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದು ಅವರಿಗೆ ಸರಿಕಂಡಿಲ್ಲ. ಅವರ ಪ್ರಕಾರ ಹಿಂದಿನವರಿಗೆ ಬೇವಿನ ಕಡ್ಡಿ, ಇದ್ದಿಲು, ಉಪ್ಪು ಸಾಕಾಗಿತ್ತು. ಈಗಿನ ಮಕ್ಕಳ ಹಲ್ಲು ಕೆಟ್ಟಿರುವುದು ಚಾಕೊಲೇಟಿನಿಂದ. ಅದನ್ನು ತಡೆಯಬೇಕಾದವರು ತಾಯಂದಿರು. ಹಾಲು, ಮೊಟ್ಟೆ, ಗಣತಿ, ಚುನಾವಣೆಗಳ ಭಾರ ಹೊತ್ತಿರುವ ಶಿಕ್ಷಕರಿಗೆ ಬ್ರಷ್ಷನ್ನೂ ಗಂಟುಹಾಕುವುದು ಅನ್ಯಾಯ.

ಮೇಷ್ಟ್ರೇ, ಶಿಕ್ಷಕರ ಹೊರೆಯ ಬಗ್ಗೆ ನೀವು ಬರೆದಿರುವುದರಲ್ಲಿ ಒಂದಕ್ಷರವನ್ನೂ ನಾನು ಅಲ್ಲಗಳೆಯಲಾರೆ. ಸಿಹಿಯ ವಿಷಯದಲ್ಲೂ ನೀವು ಹೇಳುವುದು ಅರ್ಧ ಸರಿ. ಅರ್ಧ ಎಂದೇಕೆ ಹೇಳಿದೆನೆಂದರೆ, ಎಷ್ಟು ತಿಂದರು ಎನ್ನುವುದಕ್ಕಿಂತ ಎಷ್ಟು ಸಲ ತಿಂದರು ಎನ್ನುವುದೇ ಹಲ್ಲಿಗೆ ಹೆಚ್ಚು ಮುಖ್ಯ. ಬಾಯಿಗೆ ಸಕ್ಕರೆ ಬಿದ್ದಾಗಲೆಲ್ಲ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹಲ್ಲು ಸವೆಸುವ ಆಮ್ಲವಾಗಿಸುತ್ತವೆ. ಎಂಜಲು ಆ ಆಮ್ಲವನ್ನು ತಣಿಸಲು ಹೆಚ್ಚುಕಡಿಮೆ ಅರ್ಧ ಗಂಟೆ ಬೇಕು. ಹಬ್ಬದ ಊಟದಲ್ಲಿ ಮೂರು ಹೋಳಿಗೆ ತಿಂದ ಮಗುವಿಗಿಂತ, ಬೆಳಗಿನಿಂದ ಸಂಜೆಯವರೆಗೆ ಬಿಸ್ಕತ್ತಿನ ಪೊಟ್ಟಣವನ್ನು ಒಂದೊಂದಾಗಿ ಮುಗಿಸುವ ಮಗುವಿನ ಹಲ್ಲಿಗೆ ಅಪಾಯ ಹೆಚ್ಚು.

ಆದರೆ ಬೇವಿನ ಕಡ್ಡಿಯ ಕಾಲದಲ್ಲಿ ಎಲ್ಲರ ಹಲ್ಲೂ ಗಟ್ಟಿಯಾಗಿತ್ತೆಂಬ ಮಾತನ್ನು ಒಪ್ಪಲಾರೆ. ನಿಮ್ಮ ಮನೆಯಲ್ಲೂ ಒಂದು ಕುಟ್ಟಾಣಿ ಇದ್ದಿರಬೇಕಲ್ಲವೇ? ನನ್ನ ಅಜ್ಜಿಯದು ಹಿತ್ತಾಳೆಯದು, ಅಂಗೈಯಷ್ಟು ಎತ್ತರ. ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತು ಎಲೆಯಡಿಕೆಯನ್ನು ಅದರಲ್ಲಿ ಕುಟ್ಟಿ, ಮೆತ್ತಗಾದ ಮೇಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ದೀಪಾವಳಿಯ ಚಕ್ಕುಲಿಯೂ ಪುಡಿಯಾಗಿಯೇ ಅವಳ ಬಾಯಿ ಸೇರಬೇಕಾಗಿತ್ತು. ಆಗ ಅವಳಿಗೆ ಅರವತ್ತೂ ತುಂಬಿರಲಿಲ್ಲ. ಜೀವನವಿಡೀ ಬಾವಿಕಟ್ಟೆಯ ಬಳಿ ನಿಂತು ಬೇವಿನ ಕಡ್ಡಿ ಅಗಿದವಳು ಅವಳು. ಕಡ್ಡಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಚೆನ್ನಾಗಿ ಅಗಿದ ಕಡ್ಡಿ ಹಲ್ಲಿನ ಮೇಲಿನ ಲೋಳೆಪದರವನ್ನು ತೆಗೆಯುತ್ತದೆ. ಆದರೆ ವಸಡಿನ ಅಂಚನ್ನು ಹೇಗೆ ನೋಡಿಕೊಳ್ಳಬೇಕೆಂದು ಅವಳಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ, ರಾತ್ರಿ ಬಾಯಿ ಶುಚಿ ಮಾಡಿಕೊಂಡು ಮಲಗಬೇಕೆಂದು ಯಾರೂ ಹೇಳಿರಲಿಲ್ಲ.

ನಮ್ಮ ಕ್ರಿಯಾಪದವೇ ನಮ್ಮನ್ನು ದಾರಿ ತಪ್ಪಿಸಿದೆಯೆಂದು ನನಗೆ ಅನೇಕ ಸಲ ಅನ್ನಿಸಿದೆ. ನಾವು ಹಲ್ಲನ್ನು ಉಜ್ಜುತ್ತೇವೆ, ಉತ್ತರ ಕರ್ನಾಟಕದವರು ತಿಕ್ಕುತ್ತಾರೆ. ಎರಡೂ ಪಾತ್ರೆಗೆ ಹೇಳುವ ಮಾತುಗಳೇ. ಆದ್ದರಿಂದ ಮಕ್ಕಳು ಮುಂದಿನ ನಾಲ್ಕು ಹಲ್ಲುಗಳನ್ನು ತಪ್ಪಲೆಯ ತಳದಂತೆ ಅಡ್ಡಡ್ಡ ತಿಕ್ಕಿ, ಅರ್ಧ ನಿಮಿಷದಲ್ಲಿ ಉಗಿದು ಓಡುತ್ತಾರೆ. ಬ್ರಷ್ಷನ್ನು ಹಲ್ಲು ಮತ್ತು ವಸಡು ಸೇರುವ ಗೆರೆಯ ಮೇಲೆ ಓರೆಯಾಗಿ ಇಟ್ಟು, ಮೆಲ್ಲಗೆ ಪುಟ್ಟ ಪುಟ್ಟ ಸುತ್ತುಗಳಲ್ಲಿ ಆಡಿಸಬೇಕು. ಹಿಂದಿನ ಹಲ್ಲುಗಳಿಗೂ ಒಳಮೈಗೂ ಹೀಗೆಯೇ ಎರಡು ನಿಮಿಷ ಕೊಡಬೇಕು. ಇದು ಪಾಠ ಒಪ್ಪಿಸಿದರೆ ಬರುವ ವಿದ್ಯೆಯಲ್ಲ. ಅಕ್ಷರ ತಿದ್ದಿಸಿದ ನಿಮಗೆ ಇದನ್ನು ನಾನು ಹೇಳಬೇಕಾಗಿಲ್ಲ: ಕೈಹಿಡಿದು ತಿದ್ದಿಸಬೇಕು. ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಆ ಹದವೇ ಬಂದಿರುವುದಿಲ್ಲ.

ವಸಡಿನ ಮಾತು ಬಂದಿತು. ಹಾಸ್ಟೆಲಿನಲ್ಲಿದ್ದ ನನ್ನ ತಂಗಿಯ ಮಗ ಹದಿನಾರರ ವಯಸ್ಸಿನಲ್ಲಿ, ಬ್ರಷ್ ಮಾಡುವಾಗ ರಕ್ತ ಬರುತ್ತಿದೆಯೆಂದು ಹೆದರಿ, ವಸಡಿಗೆ ವಿಶ್ರಾಂತಿ ಸಿಗಲೆಂದು ಬ್ರಷ್ ಮುಟ್ಟುವುದನ್ನೇ ಬಿಟ್ಟಿದ್ದ. ಹಾಗೆ ಮಾಡುವಂತೆ ಅವನಿಗೆ ಹೇಳಿದವರು ಓದಿದವರೇ. ಡೆನ್ಮಾರ್ಕಿನ ಆರ್ಹಸ್‌ನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಪ್ರತಿ ಪ್ರೌಢಶಾಲೆಯಲ್ಲೂ ಹೇಳಬೇಕೆಂಬುದು ನನ್ನ ಆಸೆ. ಆರೋಗ್ಯವಾದ ವಸಡುಗಳಿದ್ದ ಹನ್ನೆರಡು ಮಂದಿ, ಹೆಚ್ಚಿನವರು ದಂತ ವೈದ್ಯ ವಿದ್ಯಾರ್ಥಿಗಳೇ, ಹಲ್ಲು ಶುಚಿ ಮಾಡುವುದನ್ನು ನಿಲ್ಲಿಸಿದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಎಲ್ಲರ ವಸಡುಗಳಲ್ಲೂ ಉರಿಯೂತ ಕಾಣಿಸಿಕೊಂಡಿತು. ಮತ್ತೆ ಹಲ್ಲುಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ವಸಡು ಮೊದಲಿನಂತಾಯಿತು. ಅಂದರೆ ವಸಡಿನ ರಕ್ತವು ಬ್ರಷ್ ಬಿಡು ಎಂಬ ಎಚ್ಚರಿಕೆಯಲ್ಲ, ಆ ಜಾಗ ಕೊಳಕಾಗಿದೆಯೆಂಬ ದೂರು. ಹದಿಹರೆಯದವರಿಗೆ ಭಯ ಹುಟ್ಟಿಸುವ ಬದಲು ಇದನ್ನು ತೋರಿಸಿದರೆ, ತಮ್ಮದೇ ಕನ್ನಡಿಯಲ್ಲಿ ಏಳೆಂಟು ದಿನಗಳಲ್ಲಿ ಪರೀಕ್ಷಿಸಿ ನೋಡುತ್ತಾರೆ. ನಮ್ಮ ಹುಡುಗ ನೋಡಿದ.

ತಾಯಂದಿರ ಮೇಲೆ ನೀವು ಹೊರಿಸಿರುವ ಹೊಣೆಯನ್ನು ಓದಿ ನೋವಾಯಿತು. ಗಾರ್ಮೆಂಟ್ಸ್ ಕೆಲಸ ಮುಗಿಸಿ ಎಂಟು ಗಂಟೆಗೆ ಮನೆ ಸೇರುವ ತಾಯಿ ಅನ್ನ ಕಲಸಿ ಬಾಯಿಗಿಡುವಷ್ಟರಲ್ಲಿ ಮಗು ನಿದ್ದೆಗೆ ಜಾರಿರುತ್ತದೆ. ನಿದ್ದೆಯಲ್ಲಿ ಎಂಜಲು ಬಹಳ ಕಡಿಮೆಯಾಗುವುದರಿಂದ ಹಲ್ಲಿಗೆ ರಾತ್ರಿಯೇ ಅತ್ಯಂತ ಕೆಟ್ಟ ಹೊತ್ತು ಎಂದು ಆಕೆಗೆ ಹೇಳಿದವರು ಯಾರು? ಆಕೆ ಓದಿದ ಶಾಲೆಯಲ್ಲೂ ‘ಬೆಳಿಗ್ಗೆ ಎದ್ದು ಹಲ್ಲುಜ್ಜಬೇಕು’ ಎಂಬ ಒಂದು ಸಾಲು ಮಾತ್ರ ಇತ್ತು.

ಶಾಲೆಯಲ್ಲಿ ಇದು ಆಗದ ಕೆಲಸವೆಂದು ನೀವು ಹೇಳುತ್ತೀರಿ. ಮಕ್ಕಳ ಹುಳುಕು ಹಲ್ಲಿಗೆ ಕುಖ್ಯಾತವಾಗಿದ್ದ ಸ್ಕಾಟ್ಲೆಂಡ್ ತನ್ನ ಶಿಶುವಿಹಾರಗಳಲ್ಲಿ ದಿನಕ್ಕೊಮ್ಮೆ, ದೊಡ್ಡವರ ಕಣ್ಣೆದುರಲ್ಲೇ, ಹಲ್ಲನ್ನು ಹುಳುಕಿನಿಂದ ಕಾಯುವ ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜಿಸತೊಡಗಿತು. 2003ರಲ್ಲಿ ಅಲ್ಲಿ ಒಂದನೆಯ ತರಗತಿ ಸೇರಿದ ಮಕ್ಕಳಲ್ಲಿ ಕಣ್ಣಿಗೆ ಕಾಣುವ ಹುಳುಕಿಲ್ಲದವರು ನೂರಕ್ಕೆ 45. 2018ರ ಹೊತ್ತಿಗೆ 71. ಅಲ್ಲಿ ಸಾಲು ನಲ್ಲಿಗಳೂ ಬೇಕಾಗಲಿಲ್ಲ. ಮಕ್ಕಳು ಕಾಗದದ ಕರವಸ್ತ್ರಕ್ಕೆ ಉಗಿದರೆ ಸಾಕು. ನಮ್ಮ ಶಾಲೆಗಳಲ್ಲಾದರೋ ಊಟದ ತಟ್ಟೆ ತೊಳೆಯಲು ಮಕ್ಕಳು ಹೇಗೂ ಸಾಲುಗಟ್ಟಿ ನಿಲ್ಲುತ್ತಾರೆ. (ಪಾವಗಡ, ಕೋಲಾರ, ಮುಂಡರಗಿಯಂತೆ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಕಡೆ ವೈದ್ಯರನ್ನು ಕೇಳಿ ಪೇಸ್ಟ್ ನಿರ್ಧರಿಸಬೇಕು, ಆ ಹೆಚ್ಚಿನ ಫ್ಲೋರೈಡ್‌ನಿಂದಲೇ ಅಲ್ಲಿನ ಮಕ್ಕಳ ಹಲ್ಲಿಗೆ ಬಂದ ಕಂದು ಕಲೆ ಎಷ್ಟು ತಿಕ್ಕಿದರೂ ಹೋಗದು, ಅದಕ್ಕಾಗಿ ಅವರನ್ನು ಕೊಳಕರೆಂದು ಯಾರೂ ಗದರಬಾರದು.)

ನನಗೆ ಸಿಟ್ಟು ಬರುವುದು ಶಿಕ್ಷಕರ ಮೇಲಲ್ಲ, ನಮ್ಮ ಆದ್ಯತೆಗಳ ಮೇಲೆ. ದೇಶದಲ್ಲೇ ಅತಿ ಹೆಚ್ಚು ದಂತ ವೈದ್ಯ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಬಡ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ ಕೊಡುವ ‘ದಂತ ಭಾಗ್ಯ’ ಯೋಜನೆಯನ್ನು ಸರ್ಕಾರ ತಂದಿತು. ಅದರಿಂದ ಮತ್ತೆ ರೊಟ್ಟಿ ಕಡಿದು ತಿಂದವರಿದ್ದಾರೆ, ಅದು ಒಳ್ಳೆಯ ಕೆಲಸವೇ. ಆದರೆ ಎಲ್ಲ ಹಲ್ಲು ಬಿದ್ದ ಮೇಲೆ ನೆನಪಾಗುವ ಬಾಯಿ, ಮೊದಲ ಹಲ್ಲು ಮೂಡುವಾಗ ಯಾರಿಗೂ ನೆನಪಾಗುವುದಿಲ್ಲ. ಶಾಲೆಯಲ್ಲಿ ವರ್ಷಕ್ಕೊಮ್ಮೆ ಶಿಬಿರ ನಡೆಯುತ್ತದೆ, ವೈದ್ಯರು ಟಾರ್ಚ್ ಹಿಡಿದು ಹುಳುಕು ಎಣಿಸಿ ಚೀಟಿ ಬರೆದುಕೊಡುತ್ತಾರೆ. ಮರುದಿನ ಬೆಳಿಗ್ಗೆ ಆ ಮಗುವಿನ ಕೈಯಲ್ಲಿ ಬ್ರಷ್ ಇದೆಯೇ ಎಂದು ಕೇಳುವವರಿಲ್ಲ. 2013ರಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲೆ ಮತ್ತು ತಂಬಾಕು ಎರಡು ಬೇರೆ ಬೇರೆ ಪೊಟ್ಟಣಗಳಾಗಿ ಹೈಸ್ಕೂಲಿನ ಹುಡುಗರ ಕೈ ಸೇರುತ್ತಲೇ ಇವೆ.

ನಿಮ್ಮ ಮೊಮ್ಮಗನಿಗೆ ಮೊನ್ನೆ ಆರು ತುಂಬಿತೆಂದೂ, ಅವನ ಹುಳುಕು ಹಲ್ಲುಗಳ ಬಗ್ಗೆ ‘ಹೇಗೂ ಹಾಲುಹಲ್ಲು, ಬಿದ್ದುಹೋಗುತ್ತವೆ’ ಎಂದು ಮನೆಯವರು ಸಮಾಧಾನಪಟ್ಟುಕೊಂಡಿದ್ದಾರೆಂದೂ ಬರೆದಿದ್ದೀರಿ. ಇಂದು ರಾತ್ರಿ ಅವನನ್ನು ದೀಪದ ಕೆಳಗೆ ಕೂರಿಸಿ ಬಾಯಿ ತೆರೆಸಿ. ಕೊನೆಯ ಹಾಲುಹಲ್ಲಿನ ಹಿಂದೆ ಬೆರಳಾಡಿಸಿ ನೋಡಿ. ಅಲ್ಲೊಂದು ಅಗಲವಾದ ದವಡೆಹಲ್ಲು ಮೂಡುತ್ತಿರಬಹುದು. ಯಾವ ಹಲ್ಲೂ ಬೀಳದೆ ಬರುವುದರಿಂದ ಅದನ್ನೂ ಹಾಲುಹಲ್ಲೆಂದೇ ಎಲ್ಲರೂ ತಿಳಿಯುತ್ತಾರೆ. ನನ್ನ ತಾಯಿಯೂ ಹಾಗೆಯೇ ತಿಳಿದಿದ್ದಳು, ಹದಿನಾಲ್ಕನೆಯ ವಯಸ್ಸಿಗೆ ನಾನು ಅದನ್ನು ಕೀಳಿಸಬೇಕಾಯಿತು. ಮೇಷ್ಟ್ರೇ, ಅದು ಹಾಲುಹಲ್ಲಲ್ಲ. ಅದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ.