ಕೋಡ್ ಬರೆಯುವವನಿಗೆ ವ್ಯಾಪಾರದ ಉಸಾಬರಿ ಯಾಕೆ?

ತಮ್ಮಾ, ನಿನ್ನ ಪತ್ರ ಓದಿದೆ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮನೆ ಫ್ರೀಮಾಂಟಲ್ಲಿ ಮಾಡಲೋ ಸನಿವೇಲಲ್ಲಿ ಮಾಡಲೋ, ಕಾರು ಹೊಸದು ಕೊಳ್ಳಲೋ ಹಳೆಯದು ಸಾಕೋ ಅಂತ ಕೇಳಿದ್ದೀಯ. ಕೊನೆಗೆ ಇನ್ನೊಂದು ಕೇಳಿದ್ದೀಯ. ನಿನ್ನ ಮ್ಯಾನೇಜರ್ "ಸ್ವಲ್ಪ ಉದ್ಯಮಿಯ ಥರ ಯೋಚನೆ ಮಾಡು" ಅಂದರಂತೆ. "ನಾನು ಬಂದಿದ್ದು ಎಂಜಿನಿಯರ್ ಕೆಲಸಕ್ಕೆ. ಕಂಪನಿ ಮಾಡುವ ಆಸೆಯೂ ಇಲ್ಲ, ಒಂದು ಕಂಪನಿಯ ಕೆಲಸಕ್ಕೆಂದೇ ಕೊಡುವ ಈ ಎಚ್-1ಬಿ ವೀಸಾದಲ್ಲಿ ಅದು ಆಗುವುದೂ ಇಲ್ಲ. ಹಾಗಿದ್ದ ಮೇಲೆ ಈ ಉಸಾಬರಿ ನನಗ್ಯಾಕೆ ಸರ್?" ಅಂತ ಬರೆದಿದ್ದೀಯ.

ಮನೆ ಆಫೀಸಿಗೆ ಹತ್ತಿರ ಇರಲಿ, ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಕಾರು ಹಳೆಯದು ಸಾಕು. ಹುರುಳಿಕಾಳು, ರಾಗಿ ಹಿಟ್ಟು ಎಲ್ಲ ಇಲ್ಲೇ ಸಿಗುತ್ತದೆ ಅಂತ ಅಮ್ಮನಿಗೆ ಹೇಳು. ಮಿಕ್ಕಿದ್ದು ಇಲ್ಲಿ ಇರುತ್ತಾ ಇರುತ್ತಾ ಗೊತ್ತಾಗುತ್ತದೆ. ಆ ಕೊನೆಯ ಪ್ರಶ್ನೆಗೆ ಮಾತ್ರ ನಾನು ಸ್ವಲ್ಪ ಉದ್ದವಾಗಿ ಬರೆಯಲೇಬೇಕು.

ನಾನು ಅಮೆರಿಕಕ್ಕೆ ಬಂದಿದ್ದು 1999ರಲ್ಲಿ. ಎಂಜಿನಿಯರ್ ಸಿಕ್ಕರೆ ಸಾಕು ಅನ್ನುತ್ತಿದ್ದ ಕಾಲ ಅದು. ಈಗ ವರ್ಷಕ್ಕೆ 85,000 ಇರುವ ಹೊಸ ಎಚ್-1ಬಿ ವೀಸಾಗಳ ಮಿತಿ ಆಗ 1,15,000 ಇತ್ತು, 2001ಕ್ಕೆ 1,95,000 ಮಾಡಿದರು. ಫೋನ್ ಕಂಪನಿಗಳಿಗೆ ಆಪ್ಟಿಕಲ್ ಫೈಬರ್ ಸ್ವಿಚ್ ಮಾಡುವ ಒಂದು ಸಣ್ಣ ಕಂಪನಿಗೆ ಸೇರಿದೆ. ಫರ್ಮ್‌ವೇರ್, ಅಂದರೆ ಆ ಸ್ವಿಚ್ಚಿನ ಒಳಗೇ ಕೂತು ಅದನ್ನು ನಡೆಸುವ ಕೋಡ್, ಬರೆಯುವುದು ನನ್ನ ಕೆಲಸ. ಎಲ್ಲೋ ಫೈಬರ್ ಕಡಿದುಹೋದರೆ 50 ಮಿಲಿಸೆಕೆಂಡಿನೊಳಗೆ ಸಂಪರ್ಕ ಇನ್ನೊಂದು ದಾರಿ ಹಿಡಿಯಬೇಕು. ನಮ್ಮ ಸ್ವಿಚ್ ಪೆಟ್ಟಿಗೆ ಅದನ್ನು ಚೆನ್ನಾಗಿ ಮಾಡುತ್ತಿತ್ತು. ಆ ಕೋಡಿನ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ ಇದೆ.

2001ರಲ್ಲಿ ಕಂಪನಿ ಮುಚ್ಚಿತು. ಪೆಟ್ಟಿಗೆಯಲ್ಲಿ ದೋಷ ಇರಲಿಲ್ಲ, ಕೊಳ್ಳುವವರೇ ಇರಲಿಲ್ಲ. ಫೋನ್ ಕಂಪನಿಗಳು ಸಾಲ ಮಾಡಿ, ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಫೈಬರ್ ಹೂತು ಕೂತಿದ್ದವು. ಆ ವರ್ಷ ನೆಟ್‌ವರ್ಕ್ ಉಪಕರಣ ಮಾಡುವ ಸಿಸ್ಕೋದಂಥ ದೊಡ್ಡ ಕಂಪನಿಯೇ 220 ಕೋಟಿ ಡಾಲರ್ ದಾಸ್ತಾನನ್ನು ನಷ್ಟ ಅಂತ ಬರೆದುಹಾಕಿತು. ಇನ್ನು ನಮ್ಮಂಥವರ ಪಾಡು ಕೇಳಬೇಕಾ? ಕೆಲಸ ಹೋದ ಎಚ್-1ಬಿಯವರಿಗೆ ಈಗ 60 ದಿನದವರೆಗೆ ಸಮಯ ಕೊಡುತ್ತಾರೆ. ಆ ನಿಯಮ ಬಂದಿದ್ದು 2017ರಲ್ಲಿ. ನಮ್ಮ ಕಾಲದಲ್ಲಿ ಕೆಲಸ ಹೋದ ದಿನವೇ ಇಲ್ಲಿರುವ ಹಕ್ಕೂ ಹೋಯಿತು ಅಂತ ಲೆಕ್ಕ. ಮನೆಯಲ್ಲಿ ಎಳೆ ಮಗು. ಊರಿಗೆ ಫೋನ್ ಮಾಡಿದರೆ ಅಪ್ಪನಿಗೆ ಏನಂತ ಹೇಳುವುದು?

ನಮ್ಮ ಜೊತೆ ಮಂಗಳೂರು ಕಡೆಯ ಒಬ್ಬರಿದ್ದರು. ಗ್ರಾಹಕರ ಹತ್ತಿರ ಹೋಗಿ ಪೆಟ್ಟಿಗೆ ಕೂರಿಸಿ, ನಡೆಸಿ ತೋರಿಸುವ ಎಂಜಿನಿಯರ್. ಕೋಡಿನಲ್ಲಿ ನಮ್ಮ ಲ್ಯಾಬಿನವರು ಅವರಿಗಿಂತ ಮುಂದಿದ್ದರು. ಆದರೆ ಗ್ರಾಹಕರು ಆರ್ಡರ್‌ಗಳನ್ನು ಒಂದೊಂದಾಗಿ ಮುಂದೂಡುತ್ತಿದ್ದಾರೆ ಅನ್ನುವುದು ಅವರಿಗೆ ತಿಂಗಳುಗಳ ಮೊದಲೇ ಗೊತ್ತಿತ್ತು. ಕಂಪನಿ ಮುಚ್ಚಿದಾಗ ಒಬ್ಬ ಗ್ರಾಹಕರೇ ಅವರನ್ನು ಕರೆದು ಕೆಲಸ ಕೊಟ್ಟರು. ನನ್ನ ರೆಸ್ಯೂಮ್ ಅಲ್ಲಿಗೆ ತಲುಪಿಸಿದ್ದೂ ಅವರೇ. ನಾನು ಈ ದೇಶದಲ್ಲಿ ಉಳಿದದ್ದು ಅವರಿಂದ.

ನಮ್ಮ ಲ್ಯಾಬಿನಲ್ಲಿ ಒಳ್ಳೊಳ್ಳೆಯ ತಲೆಗಳಿದ್ದವು. ಈ ಪೆಟ್ಟಿಗೆ ಯಾರು ಕೊಳ್ಳುತ್ತಾರೆ, ಯಾವ ದುಡ್ಡಿನಲ್ಲಿ ಕೊಳ್ಳುತ್ತಾರೆ, ಕೊಳ್ಳದಿದ್ದರೆ ಅವರಿಗೆ ಏನು ತೊಂದರೆ ಅನ್ನುವ ಮಾತು ಮಾತ್ರ ಅಲ್ಲಿ ಒಂದು ದಿನವೂ ಬರಲಿಲ್ಲ. ನಾನು ಉದ್ಯಮಶೀಲತೆ ಅನ್ನುವುದು ಈ ಮೂರು ಪ್ರಶ್ನೆಗೆ ಉತ್ತರ ಗೊತ್ತಿರುವುದನ್ನು. ಕಂಪನಿ ಕಟ್ಟುವುದು ಆಮೇಲಿನ ಮಾತು. ಕಟ್ಟದೇ ಇದ್ದರೂ ಆ ಉತ್ತರ ಬೇಕು.

ನಿಮ್ಮಪ್ಪ ತಿಪಟೂರಿನಲ್ಲಿ ಕೊಬ್ಬರಿ ವರ್ತಕರು ಅಂದೆಯಲ್ಲ, ನಿನಗೆ ಇದು ಹೊಸದಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಉಂಡೆ ಕೊಬ್ಬರಿ ಎಷ್ಟೇ ಚೆನ್ನಾಗಿರಲಿ, ಉತ್ತರ ಭಾರತದಲ್ಲಿ ಯಾರಿಗೆ, ಯಾವ ಹಬ್ಬಕ್ಕೆ, ಯಾವ ಗಾತ್ರದ್ದು ಬೇಕು ಅಂತ ತಿಳಿಯದೆ ಅವರು ಟೆಂಡರಿನಲ್ಲಿ ದರ ಹಾಕುತ್ತಾರಾ? ನಿನ್ನ ಮನೆಯ ವಿದ್ಯೆ ಅದು.

ಇಲ್ಲಿನ ಸರ್ಕಾರದ ನ್ಯಾಷನಲ್ ಸೈನ್ಸ್ ಫೌಂಡೇಷನ್ 2011ರಲ್ಲಿ ಐ-ಕೋರ್ ಅಂತ ಒಂದು ತರಬೇತಿ ಶುರುಮಾಡಿತು. ಲ್ಯಾಬಿನಲ್ಲಿ ಏನಾದರೂ ಕಂಡುಹಿಡಿದ ವಿಜ್ಞಾನಿಗಳು, ಎಂಜಿನಿಯರುಗಳು ಕೆಲವೇ ವಾರಗಳಲ್ಲಿ ಸುಮಾರು 100 ಜನರನ್ನು ಕಂಡು ಮಾತಾಡಬೇಕು. ಮಾರಲು ಹೋಗುವಂತಿಲ್ಲ. ನಿಮ್ಮ ಕಷ್ಟ ಏನು, ಈಗ ಹೇಗೆ ನಿಭಾಯಿಸುತ್ತಿದ್ದೀರಿ ಅಂತ ಕೇಳಬೇಕು, ಅಷ್ಟೇ. ಇದು ಹುಟ್ಟುಗುಣ ಅಲ್ಲ, ಕಲಿತರೆ ಬರುತ್ತದೆ.

ಸೆಪ್ಟೆಂಬರ್ 15, ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ, ಬಂತೆಂದರೆ ನಾವೆಲ್ಲ ಕನ್ನಂಬಾಡಿ ಕಟ್ಟೆಯ ಫೋಟೋ ಹಂಚಿಕೊಳ್ಳುತ್ತೇವೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗಲೇ, 1913ರಲ್ಲಿ, ಮೈಸೂರು ಬ್ಯಾಂಕ್ ಶುರುವಾಯಿತು. ದಿವಾನಗಿರಿ ಬಿಟ್ಟು ವರ್ಷಗಳಾದ ಮೇಲೆ ಭದ್ರಾವತಿ ಕಬ್ಬಿಣದ ಕಾರ್ಖಾನೆ ಕಷ್ಟದಲ್ಲಿದ್ದಾಗ ಅದರ ಹೊಣೆ ಹೊತ್ತವರೂ ಅವರೇ. ಕಟ್ಟುವುದರ ಜೊತೆಗೆ ದುಡ್ಡಿನ ದಾರಿಯನ್ನೂ ನೋಡುತ್ತಿದ್ದ ಎಂಜಿನಿಯರ್ ಅವರು. ನನಗೆ ಅವರ ಮೇಲೆ ಗೌರವ ಜಾಸ್ತಿಯಾಗಿದ್ದು ಇಲ್ಲಿ ಕೆಲಸ ಕಳೆದುಕೊಂಡ ಮೇಲೆ.

ನೀನು ಆಸ್ಪತ್ರೆಗಳ ಸಾಫ್ಟ್‌ವೇರ್ ಮಾಡುತ್ತಿದ್ದೀಯ. ಅದನ್ನು ಬಳಸುವವರು ನರ್ಸ್‌ಗಳು. ದುಡ್ಡು ಕೊಡುವುದು ಇನ್ನೊಂದು ವಿಭಾಗ. ಬೇಡ ಅನ್ನುವ ಅಧಿಕಾರ ಅಲ್ಲಿನ ಡೇಟಾ ಸುರಕ್ಷತೆ ನೋಡುವ ಸೆಕ್ಯುರಿಟಿಯವರಿಗೂ ಇರಬಹುದು. ಈ ಮೂವರಲ್ಲಿ ಯಾರನ್ನಾದರೂ ನೀನು ಕಂಡಿದ್ದೀಯಾ? ಸೇಲ್ಸ್‌ನವರ ಜೊತೆ ಊಟಕ್ಕೆ ಕೂರು. ಸಪೋರ್ಟ್‌ಗೆ ಬರುವ ದೂರುಗಳನ್ನು ಓದು. ಹೊಸ ಕೆಲಸ ಶುರುಮಾಡುವ ಮೊದಲು ಅದು ಯಾರ ಯಾವ ತೊಂದರೆ ಕಳೆಯುತ್ತದೆ, ಕಂಪನಿಗೆ ಎಷ್ಟು ಖರ್ಚು ಬೀಳುತ್ತದೆ ಅಂತ ನಾಲ್ಕು ಸಾಲು ಬರೆದು ಮ್ಯಾನೇಜರ್‌ಗೆ ತೋರಿಸು. ದೊಡ್ಡವರ ಮುಂದೆ ದುಡ್ಡಿನ ಮಾತು ಎತ್ತಬಾರದು, ನಮ್ಮ ಕೆಲಸ ನಾವೇ ಹೇಳಿಕೊಳ್ಳಬಾರದು ಅಂತ ಬೆಳೆದವರು ನಾವು. ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಸಂಕೋಚವನ್ನು ಮೀಟಿಂಗಿಗೆ ಮಾತ್ರ ತರಬೇಡ.

ಆಮೇಲಿನ ಕೆಲಸಗಳಲ್ಲಿ ನಾನು ಕೇಳಿ ಕೇಳಿ ಗ್ರಾಹಕರ ಮೀಟಿಂಗುಗಳಿಗೆ ಹೋದೆ. 2008ರಲ್ಲಿ ಮತ್ತೆ ಕಷ್ಟಕಾಲ ಬಂತು. ಯಾವ ಪ್ರಾಜೆಕ್ಟ್ ಉಳಿಯುತ್ತದೆ, ಯಾವುದು ಹೋಗುತ್ತದೆ ಅಂತ ಆಗ ನನಗೆ ಮೊದಲೇ ಅಂದಾಜಿತ್ತು. ಉಳಿಯುವ ತಂಡಕ್ಕೆ ಕೇಳಿಕೊಂಡು ಹೋದೆ.

ಒಂದು ಕೊರಗು ಮಾತ್ರ ಹಾಗೇ ಉಳಿದಿದೆ. ಆ ಮಂಗಳೂರಿನವರು ಕೆಲವು ವರ್ಷದ ಮೇಲೆ ಸ್ವಂತ ಕಂಪನಿ ಮಾಡಿದರು, ನನ್ನನ್ನೂ ಕರೆದರು. ಇಲ್ಲೇ ಕಾಯಂ ಇರಲು ಬೇಕಾದ ಗ್ರೀನ್ ಕಾರ್ಡ್‌ಗೆ ನಾನು ಹಾಕಿದ್ದ ಅರ್ಜಿ ಸರದಿಯಲ್ಲಿತ್ತು. ವರ್ಷಕ್ಕೆ ಕೊಡುವ ಕಾರ್ಡ್‌ಗಳಲ್ಲಿ ಒಂದು ದೇಶದವರಿಗೆ 7%ಗಿಂತ ಜಾಸ್ತಿ ಇಲ್ಲ ಅನ್ನುವ ಮಿತಿಯಿಂದ ನಮ್ಮವರ ಸಾಲು ಎಷ್ಟು ಉದ್ದ ಅಂತ ನಿನಗೆ ಗೊತ್ತು. ಆ ಅರ್ಜಿ ಕೈಬಿಟ್ಟು ಹೋಗಲು ನನಗೆ ಧೈರ್ಯ ಬರಲಿಲ್ಲ. ಕಾರ್ಡ್ ಕೈಗೆ ಬರುವ ಹೊತ್ತಿಗೆ ಅವರ ಕಂಪನಿಯನ್ನು ದೊಡ್ಡ ಕಂಪನಿಯೊಂದು ಕೊಂಡಾಗಿತ್ತು. ದುಡ್ಡಿನ ಮಾತು ಬಿಡು, ಮೊದಲಿಂದ ಏನಾದರೊಂದು ಕಟ್ಟುವ ಆ ವರ್ಷಗಳು ನನಗೆ ಸಿಗಲಿಲ್ಲ.

ಅದಕ್ಕೇ ಕಾನೂನಿನ ಎರಡು ಮಾತು ಈಗಲೇ ಹೇಳಿಬಿಡುತ್ತೇನೆ. ಎಚ್-1ಬಿಯಲ್ಲಿ ಇರುವವರು ಕಂಪನಿಯಲ್ಲಿ ಷೇರು ಇಟ್ಟುಕೊಳ್ಳಬಹುದು. ಅದಕ್ಕಾಗಿ ದುಡಿಯಬೇಕಾದರೆ ಆ ಕಂಪನಿಯೇ ನಿನ್ನ ಹೆಸರಿನಲ್ಲಿ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ಸಂಬಳ ತಗೊಳ್ಳದಿದ್ದರೆ ನಡೆಯುತ್ತೆ ಅನ್ನುವವರ ಮಾತು ಕೇಳಬೇಡ. 2025ರ ಜನವರಿ 17ರಿಂದ ಬಂದ ನಿಯಮದಲ್ಲಿ ಸ್ವಂತ ಕಂಪನಿಯ ಮೂಲಕ ಎಚ್-1ಬಿ ಪಡೆಯುವ ದಾರಿ ಮೊದಲಿಗಿಂತ ಸ್ಪಷ್ಟವಾಗಿದೆ. ಆದರೆ ಮೊದಲ ಎರಡು ಸಲ, ಸಲಕ್ಕೆ 18 ತಿಂಗಳಿಗಿಂತ ಹೆಚ್ಚು ಕೊಡುವುದಿಲ್ಲ. ವಲಸೆ ವಕೀಲರನ್ನು ಕೇಳದೆ ಒಂದು ಹೆಜ್ಜೆಯೂ ಇಡಬೇಡ.

ಎರಡನೆಯದು, ಕ್ಯಾಲಿಫೋರ್ನಿಯಾದ ಕಾರ್ಮಿಕ ಕಾನೂನಿನ 2870ನೇ ಕಲಂ ನಿನ್ನ ಪರವಾಗಿದೆ. ಸ್ವಂತ ಸಮಯದಲ್ಲಿ, ಕಂಪನಿಯ ಸಾಮಾನು ಮುಟ್ಟದೆ, ಕಂಪನಿಯ ವ್ಯವಹಾರಕ್ಕೂ ನಿನ್ನ ಆಫೀಸಿನ ಕೆಲಸಕ್ಕೂ ಸಂಬಂಧವಿಲ್ಲದ್ದನ್ನು ಕಂಡುಹಿಡಿದರೆ ಅದು ನಿನ್ನದೇ. ಹಾಗಾಗಿ ಆಫೀಸಿನ ಲ್ಯಾಪ್‌ಟಾಪಿನಲ್ಲಿ ಸ್ವಂತದ್ದು ಒಂದು ಫೈಲೂ ಇಡಬೇಡ. ಸೇರುವಾಗ ಸಹಿ ಹಾಕಿದ ಕರಾರಿನಲ್ಲಿ ಈ ಬಗ್ಗೆ ಏನಿದೆ ಅಂತ ಓದು. ಅರ್ಥವಾಗದಿದ್ದರೆ ಶನಿವಾರ ಮನೆಗೆ ಊಟಕ್ಕೆ ಬಾ, ಕಾಗದವನ್ನೂ ತಗೊಂಡು ಬಾ. ಕೂತು ನೋಡೋಣ.